ಗೋಡಿನ ಮೇಲೆ ಹಾಸಿದ ಹುಲ್ಲು

ಕೊಳಾಲದ ಶಿಶುವಿಹಾರದ ಅಂಗಳದಲ್ಲಿ ಪ್ಲಾಸ್ಟಿಕ್ ಹುಲ್ಲಿನ ಕೆಳಗಿಂದ ಕಪ್ಪೆ ಕೂಗಿದ್ದು ಮೊದಲು ಕೇಳಿಸಿದ್ದು ಮಕ್ಕಳಿಗೆ. ಅವು ದೊಡ್ಡವರಿಗೆ ಹೇಳಲಿಲ್ಲ. ಹಾಸಿನ ಮೇಲೆ ಕಿವಿಯಿಟ್ಟು ಮಲಗಿ, ಕಪ್ಪೆ ಯಾವ ಮೂಲೆಯಲ್ಲಿದೆ ಎಂದು ಹುಡುಕುವುದನ್ನೇ ಆಟ ಮಾಡಿಕೊಂಡಿದ್ದವು. ಮಳೆ ಹಿಡಿದುಕೊಂಡಂತೆ ವಾಸನೆ ಶುರುವಾಯಿತು. ಕಾಲಿಟ್ಟಲ್ಲಿ ಹಾಸು ಜಗ್ಗಿ, ಅಂಚಿನಿಂದ ಕಪ್ಪು ರಾಡಿ ಚಿಮ್ಮತೊಡಗಿತು. ಶಿಶುವಿಹಾರ ನಡೆಸುವ ಗಂಗಾಂಬಿಕಾ ಮಕ್ಕಳನ್ನು ಒಳಗೆ ಕರೆದು ಬಾಗಿಲು ಹಾಕಿಕೊಂಡು, ಹುಲ್ಲು ಹಾಸಿದ ರಾಧಾಮಣಿಗೆ ಫೋನ್ ಮಾಡಿದರು.

ತೋವಿನಕೆರೆಯ ರಾಧಾಮಣಿ ಸ್ವಂತವಾಗಿ ಹಿಡಿದ ಮೊದಲ ಕೆಲಸ ಅದು. ಅದಕ್ಕೆ ಮುಂಚೆ ಅವರು ತುಮಕೂರಿನ ಗುತ್ತಿಗೆದಾರರೊಬ್ಬರ ಬಳಿ, ಬಲೆ ಕಟ್ಟಿದ ಸಣ್ಣ ಕ್ರಿಕೆಟ್ ಮೈದಾನಗಳಿಗೆ ಹುಲ್ಲು ಹಾಸುವ ಗುಂಪಿನಲ್ಲಿದ್ದರು. ಎರಡು ಸುರುಳಿಗಳನ್ನು ಅಂಟುಪಟ್ಟಿಯ ಮೇಲೆ ಕೂಡಿಸುವುದು ಅವರ ಪಾಲಿನ ಕೆಲಸ. ಅವರು ಕೂಡಿಸಿದ ಜಾಗದಲ್ಲಿ ಮಂಡಿಯೂರಿ ಹುಡುಕಿದರೂ ಗೆರೆ ಸಿಗುತ್ತಿರಲಿಲ್ಲ. ಆದರೆ ಆ ಮೈದಾನಗಳ ಕೆಳಗೆಲ್ಲ ಕಾಂಕ್ರೀಟ್ ಇತ್ತು. ಹುಲ್ಲಿನ ಅಡಿಯ ಮಣ್ಣು ಏನು ಮಾಡುತ್ತದೆ ಎಂದು ನೋಡುವ ಸಂದರ್ಭವೇ ಅವರಿಗೆ ಬಂದಿರಲಿಲ್ಲ.

ಕೊಳಾಲದ ಅಂಗಳದಲ್ಲಿದ್ದದ್ದು ಗೋಡು, ಅಂದರೆ ಕೆರೆಯ ಹೂಳು. ಗಂಗಾಂಬಿಕಾ ಅವರ ಗಂಡ ಬಸವೇಶ್, ಈಗ ಶಿಶುವಿಹಾರವೂ ನಡೆಯುವ ಆ ಮನೆ ಕಟ್ಟಿದ ವರ್ಷ ಅಂಗಳ ತಗ್ಗಾಗಿತ್ತು. ಅದೇ ಬೇಸಿಗೆಯಲ್ಲಿ ಹತ್ತಿರದ ಕೆರೆಯ ಹೂಳೆತ್ತುತ್ತಿದ್ದರು. ಅಂಥ ಕಪ್ಪು ಮಣ್ಣು ಬಿಟ್ಟಿ ಸಿಗುವಾಗ ಬೇಡ ಎನ್ನುವವರು ಈ ಸೀಮೆಯಲ್ಲಿ ಇಲ್ಲ. ಬಸವೇಶ್ ಟ್ರ್ಯಾಕ್ಟರಿನಲ್ಲಿ ತರಿಸಿ ಸುರಿಸಿದರು, ಬಂದವರೆಲ್ಲ ಚಿನ್ನದಂಥ ಮಣ್ಣು ಎಂದರು. ಅಲ್ಲಿಂದಾಚೆಗೆ ಒಂದು ಹದ ಮಳೆ ಬಿದ್ದರೆ ಅಂಗಳ ವಾರಗಟ್ಟಲೆ ಕೆಸರು. ಮಕ್ಕಳು ಹೊರಗೆ ಕಾಲಿಡುವಂತಿರಲಿಲ್ಲ. ಅದಕ್ಕೇ ರಾಧಾಮಣಿಯನ್ನು ಕರೆಸಿದ್ದು. ಅವರೂ ಗೋಡನ್ನು ಮುಷ್ಟಿಯಲ್ಲಿ ಹಿಸುಕಿ ನೋಡಿ ಮೆಚ್ಚಿಕೊಂಡರೇ ಹೊರತು, ತೆಗೆದುಹಾಕುವ ಯೋಚನೆ ಮಾಡಲಿಲ್ಲ. ಮಟ್ಟ ಮಾಡಿ, ದಿಮ್ಮಸು ಹೊಡೆದು, ತೆಳ್ಳಗೆ ಜಲ್ಲಿಪುಡಿ ಹರಡಿ ಹುಲ್ಲು ಹಾಸಿದರು. ಹಾಸಿನ ಬೆನ್ನಿನಲ್ಲಿ ತೂತುಗಳಿವೆ, ನೀರು ಇಳಿದುಹೋಗುತ್ತದೆ ಎಂದುಕೊಂಡಿದ್ದರು.

ಫೋನ್ ಬಂದ ಮರುದಿನ ಬೆಳಿಗ್ಗೆ ರಾಧಾಮಣಿ ಹಾಸಿನ ಮೂಲೆ ಎತ್ತಿದರು. ಜಲ್ಲಿಪುಡಿ ಕಾಣಿಸಲೇ ಇಲ್ಲ, ಗೋಡು ಅದನ್ನು ನುಂಗಿತ್ತು. ಮಳೆಯನ್ನೋ ಹಾಸನ್ನೋ ದೂರುವ ಅವಕಾಶವಿತ್ತು. ಅವರು ದೂರಲಿಲ್ಲ.

"ತಪ್ಪು ನಂದೇ ಮಿಸ್. ಕಿತ್ತು ಮತ್ತೆ ಹಾಸ್ಕೊಡ್ತೀನಿ."

"ಮತ್ತೂ ಹಿಂಗೇ ಆದ್ರೆ ರಾಧಾ?"

ರಾಧಾಮಣಿ ಎತ್ತಿದ ಮೂಲೆಯನ್ನು ಮತ್ತೆ ಕೆಳಗಿಟ್ಟರು.

ಸುದ್ದಿ ಬಸ್ಸಿನಲ್ಲಿ ಓಡಾಡಿತು. ರಾಧಾಮಣಿಯ ಗಂಡ ನರಸಿಂಹರಾಜು ಕೊರಟಗೆರೆ ಕಡೆಯ ಖಾಸಗಿ ಬಸ್ಸಿನಲ್ಲಿ ಕಂಡಕ್ಟರ್. ಹತ್ತಿದವರೊಬ್ಬರು ಟಿಕೆಟ್ ಕೇಳುವ ಮೊದಲೇ ಶುರು ಮಾಡಿದರು: "ನಿಮ್ಮನೆಯವ್ರು ಹಾಸಿದ ಹುಲ್ನಾಗೆ ಕಪ್ಪೆ ಬೆಳೀತಾವಂತಲ್ಲಪ್ಪ. ನಮ್ಮ ಎಮ್ಮೆ ಮಾತ್ರ ಮೂಸೂ ನೋಡಲ್ಲ ಅಂತದೆ."

"ಎಮ್ಮೆಗೆ ಬುದ್ಧಿ ಐತೆ ಕಣಣ್ಣ. ನೀನು ಒಳಕ್ಕೆ ಸರ್ಕೋ," ಎಂದು ನರಸಿಂಹರಾಜು ಟಿಕೆಟ್ ಹರಿದು ಕೊಟ್ಟರು. ಮನೆಯಲ್ಲಿ ಮಾತ್ರ ಈ ವಿಷಯ ಎತ್ತಲಿಲ್ಲ.

ಎತ್ತುವ ಅಗತ್ಯವೂ ಇರಲಿಲ್ಲ. ಮಧುಗಿರಿಯ ಒಂದು ಮನೆಯವರು, ಶಿರಾದ ಒಂದು ಮನೆಯವರು ತಮ್ಮ ಅಂಗಳಕ್ಕೂ ಹಾಸಿಕೊಡಿ ಎಂದು ಕೇಳಿದ್ದರು. ಈಗ ಇಬ್ಬರೂ ಮಳೆಗಾಲ ಕಳೆಯಲಿ, ನೋಡೋಣ ಎನ್ನುತ್ತಿದ್ದರು. ಕೊಳಾಲದ ಅಂಗಳ ಸರಿಹೋಗದಿದ್ದರೆ ರಾಧಾಮಣಿ ಮತ್ತೆ ತುಮಕೂರಿಗೆ ಹೋಗಿ, ಬೇರೆಯವರ ಕೈಕೆಳಗೆ ಅಂಟು ಹಚ್ಚುತ್ತ ಕೂರಬೇಕಿತ್ತು.

ಅವರ ತಂದೆ ಕದಿರಯ್ಯ ಹರೆಯದಲ್ಲಿ ಗಾಡಿ ಕಟ್ಟಿಕೊಂಡು ಊರವರ ಹೊಲಗಳಿಗೆಲ್ಲ ಗೋಡು ಹೊಡೆದವರು. ಮಗಳು ನಡೆದದ್ದನ್ನು ಹೇಳಿ ಮುಗಿಸುವಷ್ಟರಲ್ಲಿ ಮುದುಕರಿಗೆ ನಗು ತಡೆಯಲಾಗಲಿಲ್ಲ.

"ಗೋಡು ನೀರು ಬುಡಲ್ಲ ಕಣಮ್ಮ. ಬುಡಲ್ಲ ಅಂತಲೇ ಅಲ್ವಾ ನಾವು ಹೊಲಕ್ಕೆ ಹೊಡೀತಿದ್ದುದ್ದು?"

ಮರಳು ಮಣ್ಣಿನ ಹೊಲ ತೇವ ಹಿಡಿದಿಟ್ಟುಕೊಳ್ಳಲಿ ಎಂದೇ ಗೋಡು ಹೊಡೆಯುವುದು. ರಾಧಾಮಣಿ ಹುಟ್ಟಿದಾಗಿನಿಂದ ಬಲ್ಲ ಸಂಗತಿ. ಹೊಲದಲ್ಲಿ ಬಲ್ಲದ್ದು ಅಂಗಳದಲ್ಲಿ ನೆನಪಾಗಿರಲಿಲ್ಲ, ಅಷ್ಟೇ.

ಮಳೆ ಬಿಡುವು ಕೊಟ್ಟಾಗ ಅವರು ಇಬ್ಬರು ಹೆಂಗಸರನ್ನು ಕರೆದುಕೊಂಡು ಹೋಗಿ ಹಾಸನ್ನು ಎತ್ತಿ, ತೊಳೆದು, ಬಿಸಿಲಿಗೆ ಹರವಿದರು. ಆಮೇಲೆ ಗೋಡು ಅಗೆಯುವ ಕೆಲಸ. ಒದ್ದೆ ಗೋಡು ಸನಿಕೆಗೆ ಅಂಟಿದರೆ ಬಿಡುವುದಿಲ್ಲ. ಒಂದೊಂದು ಮಕ್ಕರಿ ತುಂಬುವಾಗಲೂ ಸನಿಕೆಯನ್ನು ಕೆರೆದುಕೊಳ್ಳಬೇಕು. ಮೊಣಕಾಲುದ್ದ ಅಗೆದು, ಅಡಿಯ ನೆಲವನ್ನು ಮನೆಯ ಕಡೆಯಿಂದ ರಸ್ತೆಯ ಕಡೆಗೆ ಇಳಿಜಾರು ಮಾಡಿದರು. ರಸ್ತೆಯ ಬದಿಗೆ ಕಾಂಪೌಂಡ್ ಅಡ್ಡ ನಿಂತಿತ್ತು. ಅದರ ಬುಡದಲ್ಲಿ ತೂತು ಕೊರೆಯಬೇಕು ಎಂದಾಗ ಬಸವೇಶ್ ಎದ್ದು ಬಂದರು.

"ಮಳೆ ಬೀಳೋದು ಮೇಲಿಂದ. ನನ್ನ ಕಾಂಪೌಂಡ್ ಯಾಕಮ್ಮ ಒಡೀಬೇಕು?"

"ಮೇಲಿಂದ ಬಿದ್ದದ್ದು ಕೆಳಕ್ಕೆ ಇಳೀತದೆ ಅಂತ ನಂಬ್ಕೊಂಡೇ ನಾನು ಕೆಟ್ಟಿದ್ದು ಸಾರ್. ಈ ಮಣ್ಣಲ್ಲಿ ಇಳಿಯಲ್ಲ. ಪಕ್ಕಕ್ಕೆ ದಾರಿ ಕೊಡ್ಬೇಕು. ಕೊಡಲ್ಲ ಅಂದ್ರೆ ನಾನು ಹಾಸೋದೂ ಇಲ್ಲ."

ಬಸವೇಶ್ ಒಳಗೆ ಹೋದರು. ಹಾರೆಯನ್ನು ಅವರೇ ತಂದುಕೊಟ್ಟರು.

ಅಗೆದ ನೆಲಕ್ಕೆ ನೀರು ಬಿಡುವ, ಮಣ್ಣು ಬಿಡದ ದಪ್ಪ ಬಟ್ಟೆ ಹೊದಿಸಿದರು. ನಡುವೆ ತೂತಿನ ಪೈಪ್ ಮಲಗಿಸಿ ಅದರ ಬಾಯನ್ನು ಕಾಂಪೌಂಡಿನಾಚೆಯ ಚರಂಡಿಗೆ ಬಿಟ್ಟರು. ದಪ್ಪ ಜಲ್ಲಿ, ಮೇಲೆ ಸಣ್ಣ ಜಲ್ಲಿ, ಆಮೇಲೆ ಜಲ್ಲಿಪುಡಿ. ಒಂದೊಂದು ಪದರಕ್ಕೂ ದಿಮ್ಮಸು. ಹುಲ್ಲು ಬಂದದ್ದು ಕಟ್ಟಕಡೆಗೆ. ಮಧ್ಯಾಹ್ನದ ಬಿಸಿಲಿಗೆ ಪ್ಲಾಸ್ಟಿಕ್ ಕಾಲು ಸುಡುತ್ತದೆ, ಮಕ್ಕಳನ್ನು ಬಿಡುವ ಮುಂಚೆ ನೀರು ಚಿಮುಕಿಸಿ ಎಂದು ಗಂಗಾಂಬಿಕಾಗೆ ತಾವಾಗಿಯೇ ಹೇಳಿದರು. ಅಗೆದ ಗೋಡನ್ನು ಕದಿರಯ್ಯ ಒಂದು ಹಿಡಿಯೂ ಬಿಡದೆ ತಮ್ಮ ಹೊಲಕ್ಕೆ ಹೊಡೆಸಿಕೊಂಡರು.

ಮಳೆ ಒಂದು ಬೆಳಿಗ್ಗೆ ಬಂತು, ದಪ್ಪ ಹನಿಯ ಮಳೆ. ರಾಧಾಮಣಿ ಸಿಕ್ಕಿದ ಬಸ್ ಹತ್ತಿ ಕೊಳಾಲಕ್ಕೆ ಹೋದರು. ಗೇಟು ತೆರೆಯುವ ಮುಂಚೆ ಚರಂಡಿಯ ಬಳಿ ಬಗ್ಗಿ ನೋಡಿದರು. ಪೈಪಿನ ಬಾಯಿಂದ ಮೊದಲು ಬೂದುಬಣ್ಣದ ನೀರು ಬಂತು, ನೋಡುತ್ತಿದ್ದಂತೆ ತಿಳಿಯಾಯಿತು. ಮಳೆ ನಿಂತ ಮೇಲೂ ಅದು ಸುರಿಯುತ್ತಲೇ ಇತ್ತು. ಒಳಗೆ ಹೋಗಿ ಹಾಸಿನ ಅಂಚು ಎತ್ತಿ ಕೈ ತೂರಿಸಿದರು. ಜಲ್ಲಿಪುಡಿ ಒದ್ದೆಯಾಗಿತ್ತು, ಹಿಸುಕಿದರೆ ಉದುರುತ್ತಿತ್ತು.

ಗಂಗಾಂಬಿಕಾ ಬಾಗಿಲಲ್ಲಿ ನಿಂತಿದ್ದರು. ಅವರ ಬೆನ್ನ ಹಿಂದೆ ಮಕ್ಕಳ ನೂಕಾಟ.

"ಬಿಡ್ಲಾ ರಾಧಾ?"

ರಾಧಾಮಣಿ ಚಪ್ಪಲಿ ಕಳಚಿ, ತಾವು ಕೂಡಿಸಿದ ಒಂದೊಂದು ಸಾಲಿನ ಮೇಲೂ ಹಿಮ್ಮಡಿ ಒತ್ತುತ್ತ ಅಂಗಳದ ಆ ತುದಿಯವರೆಗೆ ನಡೆದರು. ತಿರುಗಿ ನಿಂತರು.

"ಬುಡಿ ಮಿಸ್."