ಸ್ಕ್ರೂ ಇಲ್ಲದ ಫೋನ್

ಚಿಕ್ಕೋಡಿಯ ಕಾಲೇಜಿಗೆ ಬಂದಿದ್ದ ಫೋನ್ ಕಂಪನಿಯ ದೊಡ್ಡ ಸಾಹೇಬರ ಇಂಗ್ಲಿಷ್ ಭಾಷಣವನ್ನು ಕನ್ನಡದಲ್ಲಿ ಹೇಳುವ ಕೆಲಸ ನನ್ನದು. ‘ಭೂಮಿ ಉಳಿಯಬೇಕಾದರೆ ಕೊಂಡ ವಸ್ತುವನ್ನು ಬಹಳ ವರ್ಷ ಬಳಸಿ’ ಎಂದರು. ಚಪ್ಪಾಳೆ ಬಿತ್ತು. ಆಗ ಹಿಂದಿನ ಸಾಲಿನಿಂದ ಅಂಕಲಿಯ ಕಲ್ಲಪ್ಪಜ್ಜ ಎದ್ದ. ನಾನು ಚಿಕ್ಕವನಿದ್ದಾಗ ನಮ್ಮ ಮನೆಯ ರೇಡಿಯೊವನ್ನು ಎಷ್ಟೋ ಸಲ ಬಿಚ್ಚಿ, ಬೆಸುಗೆ ಹಾಕಿ, ಮತ್ತೆ ಹಾಡಿಸಿದವನು ಅವನೇ. ಆ ಬೆಸುಗೆಯ ಹೊಗೆಯ ವಾಸನೆ ನನಗೆ ಈಗಲೂ ಇಷ್ಟ.

“ಸಾಹೇಬ್ರ, ಭಾಳ ಚಲೋ ಹೇಳಿದ್ರಿ. ಆದ್ರ ನಿಮ್ಮ ಫೋನ್ ಬಿಚ್ಚಾಕ ಸ್ಕ್ರೂ ಎಲ್ಲಿ ಐತ್ರಿ? ಅಂಟು ಹಚ್ಚಿ ಮುಚ್ಚೀರಲ್ರಿ!”

ಸಭೆ ಗೊಳ್ಳೆಂದು ನಕ್ಕಿತು. ಸಂಘಟಕರು ಬೇಡವೆಂದು ನನ್ನತ್ತ ಕೈಯಾಡಿಸಿದರು. ನಾನು ಅನುವಾದಿಸಿಯೇಬಿಟ್ಟೆ. ಸಾಹೇಬರು ತಮ್ಮ ಫೋನನ್ನು ತಿರುಗಿಸಿ ನೋಡಿದರು, ಮೆಲ್ಲಗೆ ಜೇಬಿಗಿಳಿಸಿದರು.

ಅವರ ಭಾಷಣದಲ್ಲಿ ನನಗೆ ತಿಳಿಯದ ಎಷ್ಟೋ ಮಾತನ್ನು ಕನ್ನಡಕ್ಕೆ ತರದೆ ನುಂಗಿದ್ದೆ. ಅಜ್ಜನ ಪ್ರಶ್ನೆಯಲ್ಲಿ ಮಾತ್ರ ಒಂದಕ್ಷರವನ್ನೂ ಬಿಡಲಿಲ್ಲ.