ದೊಡ್ಡಪ್ಪನ ಚಪ್ಪಲಿ ಸಪ್ಪಳ

ಎಂಬತ್ತರ ದಶಕದಲ್ಲಿ ಅವ್ವ ಬಾವಿಕಟ್ಟೆಯ ಬಳಿ ಜಾರಿಬಿದ್ದು ಸೊಂಟದ ಕೀಲು ಮುರಿದುಕೊಂಡಳು. ರಾಯಚೂರಿನ ಡಾಕ್ಟರು ಅಲ್ಲಿ ಉಕ್ಕಿನ ಗುಂಡು, ಸರಳು ಕೂಡಿಸಿ, "ಇನ್ನ ನೆಲಕ್ಕ ಕುಂದ್ರಬ್ಯಾಡ್ರಿ, ಸರಳು ಮುರೀತದ" ಎಂದು ಕಳಿಸಿದರು. ಮಾನ್ವಿಯ ನಮ್ಮ ಮನೆಗೆ ಅವಳಿಗಾಗಿಯೇ ಒಂದು ಕುರ್ಚಿ ಬಂತು.

ಆದರೆ ಗಂಡನ ಅಣ್ಣನ ಎದುರು ಕುರ್ಚಿಯಲ್ಲಿ ಕೂರುವ ಸೊಸೆ ನಮ್ಮಲ್ಲಿರಲಿಲ್ಲ. ದೇವದುರ್ಗದಿಂದ ದೊಡ್ಡಪ್ಪ ಬಂದಾಗಲೆಲ್ಲ, ಅಂಗಳದಲ್ಲಿ ಅವರ ಚಪ್ಪಲಿ ಸಪ್ಪಳ ಕೇಳಿದ ಕೂಡಲೇ ಅವ್ವ ಸೆರಗು ಹೊದ್ದು ನೆಲಕ್ಕಿಳಿಯುತ್ತಿದ್ದಳು. ನಾನು "ಯವ್ವಾ, ಇಳಿಬ್ಯಾಡ" ಎಂದರೆ, "ಸುಮ್ಕಿರು, ಮಂದಿ ಏನಂದಾರು" ಎಂದು ನನ್ನನ್ನೇ ಗದರುತ್ತಿದ್ದಳು. ಸುಡಲಿ ಆ ಮರ್ಯಾದೆ!

ಒಂದು ಸಲ ಹಾಗೆ ಇಳಿಯುವಾಗ ಅವಳ ಸೊಂಟದೊಳಗೆ ಕಟ್ಟೆಂದಿತು. ಅವ್ವ ಚೀರಿದಳು. ರಾಯಚೂರಿನಲ್ಲಿ ಎಕ್ಸ್‌ರೇ ತೆಗೆಸಿದರೆ ಸರಳು ಎರಡು ತುಂಡಾಗಿತ್ತು. ಮತ್ತೆ ಕೊಯ್ದು ಬೇರೆಯದನ್ನು ಹಾಕಿದರು.

ಆಮೇಲೆ ಬಂದಾಗ ದೊಡ್ಡಪ್ಪ ಹೊಸ್ತಿಲಾಚೆಯೇ ನಿಂತರು. "ನಾ ಒಳಗ ಬರಂಗಿಲ್ಲ ತಂಗಿ, ನೀ ಕುರ್ಚಿ ಬಿಟ್ಟು ಇಳಿಬ್ಯಾಡ" ಎಂದರು. ನಾನು ಸದ್ಯ ಎಂದುಕೊಂಡು ಹಿಂದೆ ತಿರುಗಿದೆ.

ಅವ್ವ ಆಗಲೇ ಸೆರಗು ಹೊದ್ದು ಕುರ್ಚಿಯ ಅಂಚಿಗೆ ಜರುಗಿದ್ದಳು.