ಭರಮಣ್ಣ ಎಣಿಸಿದ ನೂರಿಪ್ಪತ್ತು ದಿನ

ಟಿಳಕವಾಡಿಯ ಶಶಿಧರ ವಕೀಲರ ಆಫೀಸಿನಲ್ಲಿ ಗುಮಾಸ್ತ ಭರಮಣ್ಣನದು ಇಪ್ಪತ್ತೆಂಟು ವರ್ಷದ ಸರ್ವೀಸು. ಕುರಿ ಕಾಯುವ ಮನೆತನದವನು ಕೋರ್ಟಿನ ಕಾಗದ ಕಾಯುತ್ತಾನೆಂದು ಬಳಗದವರು ಚೇಷ್ಟೆ ಮಾಡುತ್ತಿದ್ದರು. ಮಾಡಲಿ ಬಿಡಿ. ಅಪ್ಪ ಒಂದು ಕುರಿ ಕಳೆದವನಲ್ಲ, ಮಗ ಒಂದು ಕಾಗದ ಕಳೆದವನಲ್ಲ. ಆ ಆಫೀಸಿಗೆ ಬರುವುದೆಲ್ಲ ವ್ಯಾಪಾರಿಗಳ ದಾವೆ: ಪಾಲುದಾರರ ಜಗಳ, ಗೋದಾಮಿನ ಜಗಳ, ಹೆಸರಿನ ಜಗಳ. ಯಾವ ಕೇಸಿನ ತಾರೀಖು ಕೇಳಿದರೂ ರಜಿಸ್ಟರ್ ತೆರೆಯದೆ ಹೇಳುತ್ತಿದ್ದ.

ಆದರೆ ಅವನದೊಂದು ಪದ್ಧತಿಯಿತ್ತು. ಪಕ್ಷಗಾರ ವಕಾಲತ್ತಿಗೆ ಸಹಿ ಹಾಕಿದ ದಿನವೇ ಕೇಸು ಹುಟ್ಟಿದ ದಿನ, ಅಲ್ಲಿಂದಲೇ ಎಣಿಕೆ. ಹಳೆಯ ಸಿವಿಲ್ ಕೋರ್ಟಿನಲ್ಲಿ ಅದು ನಡೆದುಹೋಗುತ್ತಿತ್ತು. ನಾಲ್ಕು ದಿನ ಹೆಚ್ಚಾದರೆ ಒಂದು ಅರ್ಜಿ, ಸ್ವಲ್ಪ ದಂಡ, ಜಡ್ಜ್ ಸಾಹೇಬರ ಒಂದು ಗದರಿಕೆ, ಮುಗಿಯಿತು. ವಾಣಿಜ್ಯ ನ್ಯಾಯಾಲಯ ಹಾಗಲ್ಲ ಮಾರಾಯರೇ! ಸಮನ್ಸು ಮನೆ ಸೇರಿದ ದಿನದಿಂದ ನೂರಿಪ್ಪತ್ತು ದಿನದೊಳಗೆ ಲಿಖಿತ ಉತ್ತರ ಕೊಡಬೇಕು. ಮರುದಿನ ಬ್ರಹ್ಮನೇ ಬಂದು ಕೇಳಿಕೊಂಡರೂ ತೆಗೆದುಕೊಳ್ಳುವುದಿಲ್ಲ. ಭರಮಣ್ಣನಿಗೆ ಇದು ಗೊತ್ತಿರಲಿಲ್ಲವೇ? ಚೆನ್ನಾಗಿಯೇ ಗೊತ್ತಿತ್ತು. ಗೊತ್ತಿದ್ದೂ ಕೈ ಹಳೆಯ ದಾರಿ ಹಿಡಿಯಿತು.

ಖಾನಾಪುರದ ಗುರುಪುತ್ರಪ್ಪನದು ಅಪ್ಪ ಕಟ್ಟಿದ ಹೆಂಚಿನ ಕಾರಖಾನೆ. ಪ್ರತಿ ಹೆಂಚಿನ ಬೆನ್ನಿಗೂ ಗುಬ್ಬಿಯ ಛಾಪು. ಪಾಲು ಬಿಟ್ಟು ಶಹಾಪುರ ಸೇರಿದ್ದ ಹಳೆಯ ಪಾಲುದಾರ, ಆ ಗುಬ್ಬಿ ತನ್ನದು, ಖಾನಾಪುರದವರು ಇನ್ನು ಅದನ್ನು ಒತ್ತಕೂಡದು ಎಂದು ದಾವೆ ಹೂಡಿದ. ಸಮನ್ಸು ಬಂದಾಗ ಗುರುಪುತ್ರಪ್ಪ ಮಷೀನಿನ ಕೆಲಸಕ್ಕೆ ಸಾಂಗಲಿಗೆ ಹೋಗಿದ್ದ. ಹೆಂಡತಿ ಕಾಂತಾ ಸಹಿ ಮಾಡಿ ತೆಗೆದುಕೊಂಡು ದೇವರ ಜಗಲಿಯ ಮೇಲಿಟ್ಟಳು. ಹನ್ನೊಂದನೆಯ ದಿನ ಗಂಡ ಮನೆಗೆ ಬಂದ, ಅಂದೇ ಲಕೋಟೆ ಸಮೇತ ಟಿಳಕವಾಡಿಗೆ ಬಂದು ವಕಾಲತ್ತಿಗೆ ಸಹಿ ಹಾಕಿದ. ಮುಟ್ಟಿದ ತಾರೀಖು ಲಕೋಟೆಯ ಮೇಲೆಯೇ ಇತ್ತು. ಭರಮಣ್ಣ ಅದನ್ನು ಫೈಲಿಗೆ ಸೇರಿಸಿ ಪಿನ್ನು ಹೊಡೆದ, ನೋಡಲಿಲ್ಲ.

ಸಾಹೇಬರು "ಇನ್ನ ಎಷ್ಟ ದಿನಾ ಅದಾವೋ?" ಎಂದು ಕೇಳಿದಾಗಲೆಲ್ಲ ಬಾಯಲ್ಲೇ ಲೆಕ್ಕ ಹೇಳಿದ. ಅವನ ನೂರಾ ಹದಿನೆಂಟನೆಯ ದಿನ ಉತ್ತರ ಕೋರ್ಟಿಗೆ ಹೋಯಿತು. ಕೋರ್ಟಿನ ಲೆಕ್ಕದಲ್ಲಿ ಅದು ನೂರಾ ಇಪ್ಪತ್ತೊಂಬತ್ತನೆಯ ದಿನ. ತೆಗೆದುಕೊಳ್ಳಲಿಲ್ಲ. ಗುಬ್ಬಿಯ ಪರವಾಗಿ ಗುರುಪುತ್ರಪ್ಪ ಹೇಳಬೇಕಾದದ್ದೆಲ್ಲ ಆ ಕಾಗದದಲ್ಲೇ ಉಳಿಯಿತು.

ಭರಮಣ್ಣನಿಗೆ ಏನೂ ಅನ್ನಿಸಲಿಲ್ಲ. ಶಿವಬಸವ ನಗರದ ಮನೆಯಲ್ಲಿ ಹೆಂಡತಿ ಫಕೀರವ್ವ ರೊಟ್ಟಿ ಹಾಕಿದಳು, ತಿಂದ. ಪಲ್ಯ ಯಾವುದೆಂದು ಕೇಳಿದ್ದರೆ ಹೇಳುತ್ತಿರಲಿಲ್ಲ.

"ಮೈಯಾಗ ಆರಾಮಿಲ್ಲೇನ್ರಿ?"

"ಆರಾಮ ಅದೀನಿ."

ಖರೇ, ಆರಾಮವಾಗಿಯೇ ಇದ್ದ. ಅದೇ ಅವನಿಗೆ ಹೆದರಿಕೆ ತಂದಿತು.

ಮರುದಿನ ಶಶಿಧರ ವಕೀಲರು ಬಾಗಿಲು ಹಾಕಿಕೊಂಡು ಕೂತು ಹೇಳಿದರು: "ಕಾಂತಾ ಬಾಯಿ ಹೆಸರಲೆ ಒಂದ ಅಫಿಡವಿಟ್ ಮಾಡೂಣು. ಸಮನ್ಸು ಬಂದಿದ್ದು ಗಂಡಗ ಹೇಳಾಕ ಮರತೆ, ಅದಕ್ಕ ತಡಾ ಆತು ಅಂತ. ಗುರುಪುತ್ರಪ್ಪಗ ನಿನ್ನೇನ ಫೋನ್ ಹಚ್ಚಿ ಹಂಗ ಹೇಳೇನಿ."

"ಅರ್ಜಿ ನಿಲ್ಲಂಗಿಲ್ಲಲ್ರಿ, ಸಾಹೇಬ್ರ."

"ನಿಲ್ಲಂಗಿಲ್ಲ ಅಂತ ನನಗೂ ಗೊತ್ತೈತಿ. ತಪ್ಪು ನಮ್ಮ ಆಫೀಸಿಂದಲ್ಲ ಅಂತ ಕಾಗದದ ಮ್ಯಾಲ ಇರಬೇಕು. ನಿನ್ನನ್ನ ಉಳಸಾಕತ್ತೇನಿ, ತಿಳೀತಿಲ್ಲೋ?"

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂದರೆ ಇದೇ ನೋಡಿ. ಭರಮಣ್ಣ ಆಗಲಿ ಎಂದ. ಐವತ್ತೇಳರ ಗುಮಾಸ್ತನನ್ನು ಇನ್ನಾವ ವಕೀಲ ಕೆಲಸಕ್ಕೆ ಇಟ್ಟುಕೊಂಡಾನು? ಮೂರು ದಿನ ಬಿಟ್ಟು ಕಾಗದ ಚೀಲಕ್ಕೆ ಹಾಕಿಕೊಂಡು ಖಾನಾಪುರದ ಬಸ್ಸು ಹತ್ತಿದ.

ಗುರುಪುತ್ರಪ್ಪ ಭಟ್ಟಿಯ ಹತ್ತಿರ ನಿಂತಿದ್ದ, ಮನೆಯ ಕಡೆ ಕೈ ಮಾಡಿ ತೋರಿಸಿದ, ಅಷ್ಟೇ. ಕಾಂತಾ ಪಡಸಾಲೆಯಲ್ಲಿ ಚಾಪೆ ಹಾಸಿದಳು.

"ಬರ್ರಿ ಅಣ್ಣಾರ, ಕುಂದರ್ರಿ. ಇವ್ರು ನನ್ನ ಕೂಡ ಮಾತಾಡದ ನಾಕ ದಿನಾ ಆತು. ಕಾಗದ ಹನ್ನೊಂದ ದಿನಾ ಮನ್ಯಾಗ ಕುಂತಿದ್ದಕ್ಕ ಎಲ್ಲಾ ಕೆಟ್ಟತಂತ. ದೇವರ ಮುಂದ ಇಟ್ರ ಚಲೋ ಆಕ್ಕೈತಿ ಅಂತ ಇಟ್ಟಿದ್ದೆರಿ ನಾನು."

ನಿನ್ನ ತಪ್ಪಲ್ಲವ್ವಾ, ನನ್ನದು ಎಂದುಬಿಡಬೇಕಿತ್ತು. ಹನ್ನೊಂದು ದಿನ ಹೋದರೂ ನೂರಾ ಒಂಬತ್ತು ದಿನ ಉಳಿದಿದ್ದವು ಎಂದರೂ ಸಾಕಿತ್ತು. ಆ ಮಾತು ಬರಲಿ ಎಂದು ಭರಮಣ್ಣ ನಿಜವಾಗಿಯೂ ಕಾದ. ಬರಲಿಲ್ಲ. ಕೈ ಜೇಬಿಗೆ ಹೋಗಿ ಪೆನ್ನು ತೆಗೆಯಿತು.

ಕಾಂತಾ ಅಕ್ಷರ ಕೂಡಿಸಿ ಓದುತ್ತ ಒಂದು ಸಾಲಿನ ಹತ್ತಿರ ನಿಂತಳು. "ಮರತೆ ಅಂತ ಬರದೀರಲ್ರಿ. ನಾ ಮರತಿದ್ದಿಲ್ಲ. ಇವ್ರು ಹೊಸ್ತಿಲಾ ದಾಟಿ ಒಳಗ ಬಂದ ಕೂಡ್ಲೇ ಕೊಟ್ಟೇನಿ."

"ಕೋರ್ಟಿನ ಭಾಷಾ ಹಂಗ ಇರತೈತವ್ವಾ. ಇಲ್ಲೊಂದು ಸೈ ಮಾಡು. ಇಲ್ಲೊಂದು."

ಅವಳು ಮಾಡಿದಳು, ಎರಡೂ ಕಡೆ, ಹೆಸರು ಪೂರ್ತಿ ಬರೆದು.

"ಇದಕ್ಕ ಸೈ ಮಾಡಿದ್ರ ಗುಬ್ಬಿ ಉಳೀತೈತೇನ್ರಿ, ಅಣ್ಣಾರ?"

"ಉಳೀತೈತವ್ವಾ," ಎಂದ ಭರಮಣ್ಣ.

ಕಾಂತಾ ಸೆರಗು ಸರಿಮಾಡಿಕೊಂಡು, ಗಂಡನಿಗೆ ಹೇಳಲು ಭಟ್ಟಿಯ ಕಡೆ ಓಡಿದಳು.